ಮೊಣಕಾಲುದ್ದ ನೀರಲ್ಲಿ ಮುನ್ನೂರು ವರ್ಷ

ಇಯರ್‌ಫೋನ್ ಹಾಕ್ಕೊಂಡೇ ಕೇಳ್ತಿದ್ದೀರಿ ಅಂದ್ಕೊಂಡಿದ್ದೀನಿ. ಹಾಗಿದ್ರೆ ಒಳ್ಳೇದು. ಯಾಕಂದ್ರೆ ಇವತ್ತಿನ ಕಥೆಯಲ್ಲಿ ಬರುವವರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಸಮುದ್ರದ ಅಂಚಿನಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು, ಒಂದು ಸಣ್ಣ ‘ಬೀಪ್’ಗೆ ಕಾಯುವವರು.

ಮೊದಲು ನಮ್ಮ ಮನೆಯದೇ ಒಂದು ವಿಷಯ ಹೇಳಿಬಿಡ್ತೀನಿ. ನಾನಾಗ ಆರನೇ ಕ್ಲಾಸು. ಬೇಸಿಗೆ ರಜೆಗೆ ಉಡುಪಿಯ ಅಜ್ಜಿ ಮನೆಗೆ ಹೋಗಿದ್ದೆವು. ಒಂದು ಸಂಜೆ ಎಲ್ಲರೂ ಸೇರಿ ಮಲ್ಪೆ ಬೀಚಿಗೆ ಹೋದೆವು. ಚಿಕ್ಕಮ್ಮ ತಮ್ಮ ಸಣ್ಣ ಮಗನನ್ನು ಎತ್ತಿಕೊಂಡು ನೀರಿಗಿಳಿದಿದ್ದರು. ಅಲೆಯೊಂದು ಬಂತು, ಹುಡುಗ ಹೆದರಿ ಅವರ ಕುತ್ತಿಗೆಗೆ ಜೋತುಬಿದ್ದ. ಅಲೆ ವಾಪಸ್ ಹೋದ ಮೇಲೆ ನೋಡಿದ್ರೆ ಚಿಕ್ಕಮ್ಮನ ಎಡಗಿವಿಯ ಓಲೆ ಇಲ್ಲ. ಮದುವೆಗೆ ತವರಿಂದ ಹಾಕಿದ ಓಲೆ ಅದು. ಕತ್ತಲಾಗುವ ತನಕ ನಾವೆಲ್ಲ ಕಾಲ್ಬೆರಳಲ್ಲಿ ಮರಳು ಕೆದಕಿದ್ದೇ ಕೆದಕಿದ್ದು. ಸಿಕ್ಕಿದ್ದು ಎರಡು ಸೋಡಾ ಬಾಟಲಿ ಮುಚ್ಚಳ.

ಮನೆಗೆ ಬಂದು ಹೇಳಿದಾಗ ಅಜ್ಜಿ ಬೈಯಲಿಲ್ಲ. “ಸಮುದ್ರ ತಕೊಂಡದ್ದನ್ನು ವಾಪಸ್ ಕೊಡ್ತದೆ ಮಾರಾಯ್ತಿ. ಆದ್ರೆ ಯಾರಿಗೆ ಕೊಡ್ತದೆ ಅಂತ ಹೇಳ್ಲಿಕ್ಕೆ ಬರುದಿಲ್ಲ” ಅಂದರು. ಅಷ್ಟೇ.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಸಮುದ್ರ ಯಾರಿಗೆ ವಾಪಸ್ ಕೊಡ್ತದೆ? ಕೊಟ್ಟದ್ದು ಸಿಕ್ಕವರದ್ದಾ, ಕಳಕೊಂಡವರದ್ದಾ, ಸರ್ಕಾರದ್ದಾ? ಈ ಪ್ರಶ್ನೆಯನ್ನು ಮುನ್ನೂರು ವರ್ಷಗಳಿಂದ ಬಿಡದೆ ಕೇಳ್ತಾ ಇರುವ ಒಂದು ಕಡಲ ತೀರ ಇದೆ. ಅದು ಅಮೆರಿಕದ ಫ್ಲಾರಿಡಾ ರಾಜ್ಯದ ಪೂರ್ವ ಕರಾವಳಿ. ಅಲ್ಲಿಗೆ ಹೋಗೋಣ. ಆದ್ರೆ ಅದಕ್ಕೂ ಮುಂಚೆ, ಆ ಬೀಪ್ ಅನ್ನುವ ಯಂತ್ರ ಎಲ್ಲಿಂದ ಬಂತು ಅಂತ ತಿಳ್ಕೋಬೇಕು. ಅದು ಹುಟ್ಟಿದ್ದು ನಿಧಿ ಹುಡುಕೋಕೆ ಅಲ್ಲವೇ ಅಲ್ಲ.

1881ರ ಜುಲೈ 2. ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿಸಲಾಯಿತು. ಜೀವ ಹೋಗಲಿಲ್ಲ, ಆದ್ರೆ ಗುಂಡು ಮೈಯೊಳಗೆ ಎಲ್ಲಿ ಕೂತಿದೆ ಅಂತ ವೈದ್ಯರಿಗೆ ಗೊತ್ತಾಗಲಿಲ್ಲ. ಎಕ್ಸ್‌ರೇ ಇನ್ನೂ ಹುಟ್ಟದ ಕಾಲ. ತೊಳೆಯದ ಬೆರಳುಗಳನ್ನೇ ಗಾಯದೊಳಗೆ ಹಾಕಿ ಹುಡುಕ್ತಿದ್ದರು. ಆಗ ಮುಂದೆ ಬಂದವರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಹೌದು, ಟೆಲಿಫೋನ್ ಬೆಲ್ ಅವರೇ. ತಂತಿ ಸುರುಳಿಗಳಲ್ಲಿ ವಿದ್ಯುತ್ ಹರಿಸಿ, ಹತ್ತಿರ ಲೋಹ ಬಂದರೆ ಟೆಲಿಫೋನಿನ ಕಿವಿಯಲ್ಲಿ ಸದ್ದು ಕೇಳುವ ಹಾಗೆ ಒಂದು ಸಾಧನ ಸಿದ್ಧ ಮಾಡಿದರು. ಎರಡು ಸಲ ಅಧ್ಯಕ್ಷರ ಹಾಸಿಗೆ ಪಕ್ಕ ನಿಂತು ಪರೀಕ್ಷೆ ಮಾಡಿದರು. ಗುಂಡು ಸಿಗಲಿಲ್ಲ.

ಯಾಕೆ ಸಿಗಲಿಲ್ಲ? ಎರಡು ಕಾರಣ ಹೇಳ್ತಾರೆ. ಒಂದು, ಹಾಸಿಗೆಯೊಳಗೆ ಉಕ್ಕಿನ ಸ್ಪ್ರಿಂಗ್ ಇದ್ದವು, ಯಂತ್ರಕ್ಕೆ ಅವುಗಳ ಗಲಾಟೆಯೇ ಕೇಳಿಸ್ತಿತ್ತು. ಎರಡನೇದು ಇನ್ನೂ ಬೇಜಾರಿನದು. ಮುಖ್ಯ ವೈದ್ಯರಿಗೆ ಗುಂಡು ಬಲಗಡೆಯೇ ಇದೆ ಅಂತ ಖಾತ್ರಿ, ಹಾಗಾಗಿ ಬಲಗಡೆ ಮಾತ್ರ ಹುಡುಕೋಕೆ ಬಿಟ್ಟರು. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಶವಪರೀಕ್ಷೆಯಲ್ಲಿ ನೋಡಿದರೆ ಗುಂಡು ಇದ್ದದ್ದು ಎಡಗಡೆ.

ಇದನ್ನ ನೆನಪಲ್ಲಿಟ್ಟುಕೊಳ್ಳಿ. ಯಂತ್ರ ಎಷ್ಟೇ ಚುರುಕಾಗಿದ್ದರೂ, ಎಲ್ಲಿ ಹುಡುಕಬೇಕು ಅಂತ ತೀರ್ಮಾನ ಮಾಡೋದು ಮನುಷ್ಯನೇ. ಇವತ್ತಿನ ಕಥೆ ಪೂರ್ತಿ ಈ ಮಾತಿನ ಮೇಲೆ ನಿಂತಿದೆ.

ಮುಂದೆ 1930ರ ದಶಕದಲ್ಲಿ ಜರ್ಮನಿಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಗೆರ್ಹಾರ್ಡ್ ಫಿಶರ್ ಎಂಬ ಎಂಜಿನಿಯರ್, ಕೈಯಲ್ಲಿ ಹಿಡಿದು ಓಡಾಡಬಹುದಾದ ಡಿಟೆಕ್ಟರ್‌ಗೆ ಪೇಟೆಂಟ್ ಪಡೆದರು. ಆಮೇಲೆ ಎರಡನೇ ಮಹಾಯುದ್ಧ ಬಂತು. ಹಿಟ್ಲರನ ಸೇನೆ ದೇಶ ಹಿಡಿದ ಮೇಲೆ ಪೋಲೆಂಡಿನ ಅನೇಕ ಸೈನಿಕರು ಬ್ರಿಟನ್ನಿನಲ್ಲಿ ನೆಲೆ ನಿಂತಿದ್ದರು. ಅವರಲ್ಲೊಬ್ಬ ಅಧಿಕಾರಿ ಯೂಜೆಫ್ ಕೊಸಾಟ್ಸ್ಕಿ. 1941ರಲ್ಲಿ ಸ್ಕಾಟ್ಲೆಂಡಿನಲ್ಲಿ ಕೂತು ನೆಲಬಾಂಬ್ ಪತ್ತೆ ಮಾಡುವ ಡಿಟೆಕ್ಟರ್ ಸಿದ್ಧಪಡಿಸಿದರು. ಉದ್ದ ಕೋಲು, ತುದಿಯಲ್ಲಿ ಚಪ್ಪಟೆ ಕಾಯಿಲ್, ಕಿವಿಗೆ ಹೆಡ್‌ಫೋನ್. ಇವತ್ತು ಬೀಚಿನಲ್ಲಿ ಕಾಣುವ ಯಂತ್ರದ್ದೂ ಅದೇ ರೂಪ. ಕೊಸಾಟ್ಸ್ಕಿ ಇದಕ್ಕೆ ಪೇಟೆಂಟ್ ತಗೊಳ್ಳಲಿಲ್ಲ, ಬ್ರಿಟಿಷ್ ಸೇನೆಗೆ ಹಾಗೇ ಕೊಟ್ಟರು. 1942ರಲ್ಲಿ ಈಜಿಪ್ಟಿನ ಎಲ್ ಅಲಮೈನ್ ಕದನದಲ್ಲಿ ಮರಳಿನಡಿ ಹುಗಿದ ನೆಲಬಾಂಬುಗಳ ನಡುವೆ ದಾರಿ ಮಾಡಿಕೊಟ್ಟದ್ದು ಇಂಥ ಐನೂರು ಯಂತ್ರಗಳು. ಭಾರತೀಯ ಸೈನಿಕರೂ ಇದ್ದ ಸೇನೆ ಅದು.

ಅಂದ್ರೆ ನೋಡಿ, ಬೆಲ್ ಅವರ ಡಿಟೆಕ್ಟರ್ ಒಂದು ಜೀವ ಉಳಿಸೋಕೆ ಅಂತ ಬಂದು ಸೋತಿತು, ಕೊಸಾಟ್ಸ್ಕಿಯವರದ್ದು ಸಾವಿರಾರು ಜೀವ ಉಳಿಸಿತು. ಯುದ್ಧ ಮುಗಿದ ಮೇಲೆ ಸೇನೆಗಳ ಹತ್ತಿರ ಉಳಿದ ಇಂಥ ಡಿಟೆಕ್ಟರ್‌ಗಳು ಗುಜರಿ ಬೆಲೆಗೆ ಮಾರುಕಟ್ಟೆಗೆ ಬಂದವು. ಅಮೆರಿಕದಲ್ಲಿ ಅಂಥದ್ದೊಂದನ್ನು 15 ಡಾಲರಿಗೆ ಕೊಂಡವರು ಕಿಪ್ ವ್ಯಾಗ್ನರ್. ಈಗ ಫ್ಲಾರಿಡಾಕ್ಕೆ ಬಂದ್ವಿ.

ವ್ಯಾಗ್ನರ್ ಕಟ್ಟಡ ಕಟ್ಟುವ ಕಾಂಟ್ರಾಕ್ಟರ್. ಒಹಾಯೊ ಕಡೆಯವರು, ಯುದ್ಧದ ನಂತರ ಫ್ಲಾರಿಡಾದ ಸೆಬಾಸ್ಟಿಯನ್ ಎಂಬ ಸಣ್ಣ ಊರಿನ ಹತ್ತಿರ ನೆಲೆಸಿದ್ದರು. ಆ ಊರಿನವರಿಗೆ ಒಂದು ವಿಷಯ ಗೊತ್ತಿತ್ತು. ದೊಡ್ಡ ಗಾಳಿಮಳೆ ಬಂದುಹೋದ ಮರುದಿನ ಬೀಚಿನಲ್ಲಿ ನಡೆದರೆ ಕಪ್ಪಗಿನ, ಓರೆಕೋರೆಯ, ಚಪ್ಪಟೆ ಚೂರುಗಳು ಕಾಲಿಗೆ ಸಿಗ್ತವೆ. ನೋಡಿದರೆ ತಗಡಿನ ತುಂಡು ಅನ್ನಿಸುತ್ತೆ. ಉಜ್ಜಿದರೆ ಬೆಳ್ಳಿ. ಸ್ಪೇನ್ ದೇಶದ ಹಳೇ ನಾಣ್ಯ.

ಅವು ಯಾಕೆ ಓರೆಕೋರೆ ಅಂದ್ರೆ, ಆ ಕಾಲದಲ್ಲಿ ಸ್ಪೇನಿನವರು ತಮ್ಮ ಹಿಡಿತದಲ್ಲಿದ್ದ ಮೆಕ್ಸಿಕೊ, ಪೆರು ಟಂಕಸಾಲೆಗಳಲ್ಲಿ ಬೆಳ್ಳಿಯನ್ನು ತುಂಡು ತುಂಡಾಗಿ ಕತ್ತರಿಸಿ, ತೂಕ ಸರಿ ಮಾಡಿ, ಸುತ್ತಿಗೆಯಲ್ಲಿ ಮುದ್ರೆ ಹೊಡೀತಿದ್ದರು. ತೂಕ ಸರಿಯಿದ್ದರೆ ಸಾಕು, ಆಕಾರ ಹೇಗಿದ್ದರೂ ನಡೀತಿತ್ತು. ಎಷ್ಟೋ ಸಲ ಇಸವಿಯ ಅಂಕಿ ನಾಣ್ಯದ ಅಂಚಿನಿಂದ ಆಚೆ ಬಿದ್ದು ಕಾಣಿಸ್ತಲೇ ಇರಲಿಲ್ಲ. ಅಂದಹಾಗೆ, ಇಂಥದ್ದೇ ಬೆಳ್ಳಿ ಯುರೋಪಿನ ವ್ಯಾಪಾರಿ ಕಂಪನಿಗಳ ಹಡಗು ಹತ್ತಿ ನಮ್ಮ ಕರಾವಳಿಗೂ ಬರ್ತಿತ್ತು. ಇಲ್ಲಿಂದ ಮೆಣಸು, ಬಟ್ಟೆ ಕೊಂಡೊಯ್ಯೋಕೆ ಅವರು ಕೊಡ್ತಿದ್ದ ಬೆಲೆ ಅದು.

ಈ ಬೆಳ್ಳಿ ಬೀಚಿನಲ್ಲಿ ಯಾಕೆ ಸಿಗುತ್ತೆ, ಅದೂ ಗಾಳಿಮಳೆ ಆದ ಮೇಲೆಯೇ ಯಾಕೆ? ಅಮ್ಮ ಅಕ್ಕಿ ಜಾಲಿಸೋದನ್ನ ನೋಡಿದ್ದೀರಾ? ನೀರಲ್ಲಿ ಅಕ್ಕಿಯನ್ನ ಅಲುಗಿಸ್ತಾ ಅಲುಗಿಸ್ತಾ ಸುರಿದುಕೊಂಡರೆ ಕಲ್ಲು ತಳದಲ್ಲಿ ಉಳಿಯುತ್ತೆ. ಅಲೆ ಮಾಡೋದೂ ಅದನ್ನೇ. ಒಂದೇ ಗಾತ್ರದ ಮರಳಿನ ಕಣಕ್ಕಿಂತ ಬೆಳ್ಳಿ ಸುಮಾರು ನಾಲ್ಕು ಪಟ್ಟು ಭಾರ, ಚಿನ್ನ ಏಳು ಪಟ್ಟು ಭಾರ. ಅಲೆ ಮರಳನ್ನು ಅಲ್ಲಾಡಿಸಿದ ಹಾಗೆಲ್ಲ ಲೋಹ ಕೆಳಗೆ ಕೆಳಗೆ ಇಳಿದು, ಗಟ್ಟಿ ಪದರ ಸಿಕ್ಕಲ್ಲಿ ಕೂರುತ್ತೆ. ದಿನನಿತ್ಯದ ಅಲೆಗೆ ಅದು ಏಳೋದಿಲ್ಲ. ಚಂಡಮಾರುತ ಬಂದು ಮೇಲಿನ ಮರಳನ್ನೆಲ್ಲ ಒಂದೇ ರಾತ್ರಿ ಎಳೆದುಕೊಂಡು ಹೋದಾಗ ಆ ತಳ ಬಯಲಾಗುತ್ತೆ. ಕೆಲವು ದಿನ ಮಾತ್ರ. ಆಮೇಲೆ ಸಮುದ್ರ ಮತ್ತೆ ಮರಳು ತಂದು ಮುಚ್ಚುತ್ತೆ. ನಮ್ಮ ಚಿಕ್ಕಮ್ಮನ ಓಲೆ ಯಾಕೆ ಕಾಲ್ಬೆರಳಿಗೆ ಸಿಗಲಿಲ್ಲ ಅನ್ನೋದಕ್ಕೂ ಇದೇ ಉತ್ತರ. ನಾವು ಮೇಲೆ ಹುಡುಕ್ತಾ ಇದ್ವಿ. ಅದು ಆಗಲೇ ಕೆಳಗೆ ಇಳಿದಿತ್ತು.

ಹಾಗಾದ್ರೆ ಡಿಟೆಕ್ಟರ್ ತಗೊಂಡು ನೀರಿಗಿಳಿದರೆ ಆಯ್ತಲ್ಲ? ಅಲ್ಲೊಂದು ತೊಡಕಿದೆ. ಡಿಟೆಕ್ಟರಿನ ಕಾಯಿಲ್ ತನ್ನ ಸುತ್ತ ಕಾಂತಕ್ಷೇತ್ರ ಹರಡುತ್ತೆ. ಆ ಕ್ಷೇತ್ರ ಬದಲಾಗ್ತಾ ಇದ್ದಾಗ, ವಿದ್ಯುತ್ ಹರಿಯಬಲ್ಲ ವಸ್ತು ಹತ್ತಿರ ಇದ್ದರೆ ಅದರೊಳಗೂ ಪುಟ್ಟ ವಿದ್ಯುತ್ ಸುಳಿಗಳು ಏಳ್ತವೆ. ಯಂತ್ರ ಹಿಡಿಯೋದು ಆ ಸುಳಿಗಳನ್ನ. ಆದ್ರೆ ಉಪ್ಪುನೀರಲ್ಲೂ ವಿದ್ಯುತ್ ಹರಿಯುತ್ತೆ! ಹಾಗಾಗಿ ಸಾಮಾನ್ಯ ಡಿಟೆಕ್ಟರಿಗೆ ಇಡೀ ಸಮುದ್ರವೇ ಒಂದು ದೊಡ್ಡ ಲೋಹದ ಹಾಳೆ ಥರ ಕಾಣುತ್ತೆ. ಅದರಲ್ಲೂ ಕಷ್ಟ ಅಂದ್ರೆ ಅಲೆ ಬಂದು ಹೋಗುವ ಒದ್ದೆ ಅಂಚು. ಕಾಯಿಲ್ ಕೆಳಗೆ ಒಂದು ಕ್ಷಣ ನೀರು, ಇನ್ನೊಂದು ಕ್ಷಣ ಮರಳು. ಯಂತ್ರ ಸುಮ್ಮಸುಮ್ಮನೆ ಕೂಗ್ತಾನೇ ಇರುತ್ತೆ.

ಇದಕ್ಕೆ ಆಮೇಲೆ ಬಂದ ಪರಿಹಾರದ ಹೆಸರು ಪಲ್ಸ್ ಇಂಡಕ್ಷನ್. ದೇವಸ್ಥಾನದ ಕಂಚಿನ ಗಂಟೆಗೆ ಒಮ್ಮೆ ಹೊಡೆದರೆ ನಾದ ಎಳೀತಾ ಹೋಗುತ್ತೆ. ಮಣ್ಣಿನ ಮಡಕೆಗೆ ಹೊಡೆದರೆ ಟಪ್ ಅಂತ ನಿಂತುಬಿಡುತ್ತೆ. ಪಲ್ಸ್ ಯಂತ್ರ ಒಂದು ಚಿಕ್ಕ ಏಟು ಕೊಟ್ಟು, ಕಣ್ಣು ಮಿಟುಕಿಸೋದಕ್ಕಿಂತ ಸಾವಿರಾರು ಪಾಲು ಕಡಿಮೆ ಹೊತ್ತು ಸುಮ್ಮನಿದ್ದು, ಆಮೇಲೆ ಕಿವಿ ಕೊಡುತ್ತೆ. ಅಷ್ಟರಲ್ಲಿ ಉಪ್ಪುನೀರಿನ ಸದ್ದು ಅಡಗಿರುತ್ತೆ. ಲೋಹದ್ದು ಇನ್ನೂ ಕೇಳ್ತಾ ಇರುತ್ತೆ. ಜಾಣತನ ಅಲ್ವಾ? ಆದ್ರೆ ಈ ಯಂತ್ರಕ್ಕೂ ಒಂದು ಮಿತಿ ಇದೆ. ಕೆಳಗೆ ಲೋಹ ಇದೆ ಅಂತ ಹೇಳುತ್ತೆ, ಯಾವ ಲೋಹ ಅಂತ ಸರಿಯಾಗಿ ಹೇಳೋಕೆ ಅದಕ್ಕಾಗಲ್ಲ. ಅದಕ್ಕೇ ನೀರಲ್ಲಿ ಹುಡುಕುವವರ ಕೈಯಲ್ಲಿ ಉದ್ದ ಹಿಡಿಯ, ತೂತು ತೂತಿನ ದೊಡ್ಡ ಸೌಟು ಇರುತ್ತೆ. ಬೋಂಡಾ ಎತ್ತೋ ಜಾಲರಿ ಸೌಟನ್ನೇ ದೊಡ್ಡದು ಮಾಡಿದ ಹಾಗೆ. ಬೀಪ್ ಅಂದಲ್ಲೆಲ್ಲ ಬಾಚಿ, ಮರಳು ಸೋಸಿ ನೋಡಬೇಕು. ಮೊಳೆ, ಮುಚ್ಚಳ, ಮೀನು ಹಿಡಿಯುವ ಬಲೆಯ ಸೀಸದ ಗುಂಡು. ಯಾವಾಗಲೋ ಒಮ್ಮೆ ಉಂಗುರ.

ವ್ಯಾಗ್ನರ್ ಹತ್ತಿರ ಇದ್ದದ್ದು ಸೇನೆಯ ಹಳೇ ಯಂತ್ರ. ಅದು ಕೆಲಸ ಮಾಡೋದು ಒಣ ನೆಲದ ಮೇಲೆ. ಆದ್ರೆ ಅವರನ್ನ ಬೇರೆಯವರಿಂದ ಬೇರೆ ಮಾಡಿದ್ದು ಆ ಯಂತ್ರ ಅಲ್ಲ. ಬೇರೆಯವರು ನಾಣ್ಯ ಸಿಕ್ಕಿದಾಗ ಖುಷಿಪಟ್ಟು ಮನೆಗೆ ಹೋಗ್ತಿದ್ದರು. ವ್ಯಾಗ್ನರ್ ಸಿಕ್ಕ ನಾಣ್ಯಗಳನ್ನ ಸಾಲಾಗಿ ಜೋಡಿಸಿಟ್ಟು ನೋಡಿದರು. ಇಸವಿ ಕಾಣುವ ನಾಣ್ಯ ಎಷ್ಟೇ ಇರಲಿ, 1715ರ ನಂತರದ್ದು ಒಂದೂ ಇರಲಿಲ್ಲ.

ಒಂದು ನಾಣ್ಯ ಸಿಕ್ಕರೆ ಅದು ಅದೃಷ್ಟ. ಹತ್ತಾರು ನಾಣ್ಯ ಒಂದೇ ಇಸವಿಗೆ ಬಂದು ನಿಂತರೆ ಅದು ಸಾಕ್ಷಿ. ಆ ವರ್ಷ ಇಲ್ಲಿ ಏನೋ ಆಗಿದೆ.

ಏನಾಗಿತ್ತು? ಸ್ಪೇನ್ ದೇಶ ದೀರ್ಘ ಯುದ್ಧವೊಂದನ್ನು ಮುಗಿಸಿ ಬರಿಗೈಯಾಗಿತ್ತು. ಅಮೆರಿಕ ಖಂಡದಿಂದ ಬರಬೇಕಾದ ಬೆಳ್ಳಿ ಚಿನ್ನಕ್ಕಾಗಿ ರಾಜ ಐದನೇ ಫಿಲಿಪ್ ಕಾಯ್ತಾ ಇದ್ದ. ಮೆಕ್ಸಿಕೊದ ವೆರಾಕ್ರೂಸ್ ಬಂದರಿನಿಂದ ಉಬಿಯಾ ಎಂಬ ಸೇನಾಪತಿಯ ಹಡಗುಗಳು, ಇವತ್ತಿನ ಕೊಲಂಬಿಯಾದ ಕಾರ್ತಹೇನಾದಿಂದ ಎಚೆವೆರ್ಸ್ ಎಂಬವನ ಹಡಗುಗಳು ಕ್ಯೂಬಾದ ಹವಾನಾದಲ್ಲಿ ಸೇರಿದವು. ಹೊರಡೋದು ತಡವಾಗ್ತಾ ತಡವಾಗ್ತಾ ಚಂಡಮಾರುತದ ಕಾಲ ಬಂದೇಬಿಟ್ಟಿತು. ಕೊನೆಗೆ 1715ರ ಜುಲೈ 24ರಂದು ಹನ್ನೊಂದು ಸ್ಪ್ಯಾನಿಷ್ ಹಡಗು, ಜೊತೆಗೆ ಗ್ರಿಫನ್ ಎಂಬ ಒಂದು ಫ್ರೆಂಚ್ ಹಡಗು ಹೊರಟವು. ಒಂದು ವಾರಕ್ಕೆ, ಜುಲೈ 30ರ ರಾತ್ರಿ ಕಳೆದು 31ರ ಬೆಳಗಾಗುವ ಮುಂಚೆ, ಫ್ಲಾರಿಡಾ ತೀರದ ಬಳಿ ಚಂಡಮಾರುತ ಹೊಡೆಯಿತು. ಹನ್ನೊಂದೂ ಸ್ಪ್ಯಾನಿಷ್ ಹಡಗುಗಳು ಒಡೆದವು. ಉಳಿದದ್ದು ಫ್ರೆಂಚ್ ಹಡಗು ಮಾತ್ರ.

ಸತ್ತವರು ಸುಮಾರು ಸಾವಿರ ಜನ. ಉಬಿಯಾ ಕೂಡ ಅವರಲ್ಲೊಬ್ಬ. ನಿಧಿಯ ಕಥೆ ಹೇಳುವಾಗ ಎಲ್ಲರೂ ಇಲ್ಲಿ ಬೇಗ ಮುಂದೆ ಹೋಗಿಬಿಡ್ತಾರೆ. ನಾವು ಸ್ವಲ್ಪ ನಿಲ್ಲೋಣ. ಬೆಳಗಾದಾಗ ಆ ಬೀಚಿನ ಮೇಲೆ ಬದುಕುಳಿದ ನೂರಾರು ಜನ. ಊರಿಲ್ಲ, ಮನೆಯಿಲ್ಲ, ತಿನ್ನೋಕಿಲ್ಲ. ಪಕ್ಕದಲ್ಲಿ ಹೆಣಗಳು. ಎದುರಿಗೆ ಆಳವಿಲ್ಲದ ನೀರಲ್ಲಿ ಇಡೀ ಒಂದು ಸಾಮ್ರಾಜ್ಯದ ಹಣ. ಅದರಲ್ಲಿ ಒಂದು ನಾಣ್ಯದಿಂದಲೂ ಆ ದಿನ ಒಂದು ತುತ್ತು ಅನ್ನ ಸಿಗ್ತಿರಲಿಲ್ಲ.

ಸುದ್ದಿ ಹವಾನಾಕ್ಕೆ ಮುಟ್ಟಿದ ಮೇಲೆ ಸ್ಪೇನಿನವರು ಅಲ್ಲೇ ತೀರದಲ್ಲಿ ಬಿಡಾರ ಹಾಕಿ, ಮುಳುಗುಗಾರರನ್ನು ಇಳಿಸಿ ಬೆಳ್ಳಿ ಎತ್ತಿಸಿದರು. ಆಮ್ಲಜನಕ ಇಲ್ಲ, ಕನ್ನಡಕ ಇಲ್ಲ, ಉಸಿರು ಬಿಗಿಹಿಡಿದು ಇಳಿಯಬೇಕು. ಆ ಮುಳುಗುಗಾರರಲ್ಲಿ ಅನೇಕರು ಮೂಲನಿವಾಸಿಗಳು. ಅವರ ಹೆಸರು ಯಾವ ನಾಣ್ಯದ ಮೇಲೂ ಇಲ್ಲ. ಕೆಲವೇ ತಿಂಗಳಲ್ಲಿ ಜಮೈಕಾ ಕಡೆಯಿಂದ ಹೆನ್ರಿ ಜೆನ್ನಿಂಗ್ಸ್ ಎಂಬವನು ನೂರಾರು ಜನರ ಜೊತೆ ಬಂದು ಆ ಬಿಡಾರವನ್ನೇ ಲೂಟಿ ಮಾಡಿದ. ಸ್ಪೇನಿನವರು ಎತ್ತಿದಷ್ಟು ಎತ್ತಿ ಹೊರಟುಹೋದರು. ಉಳಿದದ್ದನ್ನ ಮರಳು ಮುಚ್ಚಿತು. ಜನ ಮರೆತರು.

ಎಷ್ಟರ ಮಟ್ಟಿಗೆ ಮರೆತರು ಅಂದ್ರೆ, ವ್ಯಾಗ್ನರ್ ವಿಚಾರಿಸಿದಾಗ ಆ ಹಡಗುಗಳು ಒಡೆದದ್ದು ಇಲ್ಲಲ್ಲ, ಎಷ್ಟೋ ದೂರ ದಕ್ಷಿಣದ ಫ್ಲಾರಿಡಾ ಕೀಸ್ ದ್ವೀಪಗಳ ಬಳಿ ಅಂತ ತಿಳಿದವರೇ ಹೇಳಿದರು. ಗಾರ್ಫೀಲ್ಡ್ ಕಥೆ ನೆನಪಾಯ್ತಾ? ಬಲಗಡೆ ಹುಡುಕು, ಬಲಗಡೆಯೇ ಇದೆ. ಆದ್ರೆ ಇಲ್ಲಿ ವ್ಯಾಗ್ನರ್ ಕೈಯಲ್ಲಿ ನಾಣ್ಯ ಇತ್ತು, ಅದು ಸಿಕ್ಕ ಜಾಗ ಅವರಿಗೆ ಗೊತ್ತಿತ್ತು.

ಅವರ ಗೆಳೆಯ ಡಾ. ಕೆಲ್ಸೊ ಊರಿನ ವೈದ್ಯರು. ಅವರು ಮಾಡಿದ್ದೇನು ಗೊತ್ತಾ? ಬೀಚ್ ಬಿಟ್ಟು ಲೈಬ್ರರಿಗೆ ಹೋದರು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಬರ್ನಾರ್ಡ್ ರೋಮನ್ಸ್ ಎಂಬ ಭೂಮಾಪಕ 1775ರಲ್ಲಿ ಪ್ರಕಟಿಸಿದ ಫ್ಲಾರಿಡಾ ಕುರಿತ ಪುಸ್ತಕ ಸಿಕ್ಕಿತು. ಹಡಗುಗಳು ಒಡೆದು ಅರವತ್ತು ವರ್ಷಕ್ಕೆ ಬಂದ ಪುಸ್ತಕ. ಸೆಬಾಸ್ಟಿಯನ್ ನದಿ ಸಮುದ್ರ ಸೇರುವ ಕಡೆಯ ಎದುರಲ್ಲೇ ಸ್ಪೇನಿನ ಹಡಗುಗಳು ನಾಶವಾದವು, ಜೋರು ಗಾಳಿ ಬೀಸಿದ ಮೇಲೆ ಅಲ್ಲಿ ನಾಣ್ಯಗಳು ಸಿಗ್ತವೆ ಅಂತ ಅದರಲ್ಲಿ ಬರೆದಿತ್ತು. ಅಂದ್ರೆ ಊರಿನವರು ಬಲ್ಲ ವಿಷಯವನ್ನೇ ಇನ್ನೂರು ವರ್ಷದ ಹಿಂದೆ ಒಬ್ಬ ಬರೆದಿಟ್ಟಿದ್ದ. ಯಾರೂ ತೆರೆದು ನೋಡಿರಲಿಲ್ಲ.

ಈಗ ಆ 15 ಡಾಲರ್ ಯಂತ್ರಕ್ಕೆ ನಿಜವಾದ ಕೆಲಸ ಬಂತು. ಹಡಗು ಒಡೆದದ್ದು ಇಲ್ಲೇ ಆದರೆ, ಸ್ಪೇನಿನವರ ಬಿಡಾರವೂ ತೀರದಲ್ಲಿ ಇಲ್ಲೇ ಎಲ್ಲೋ ಇರಬೇಕಲ್ಲ? ವ್ಯಾಗ್ನರ್ ದಿಬ್ಬಗಳ ಮೇಲೆ ಡಿಟೆಕ್ಟರ್ ಆಡಿಸ್ತಾ ಹೋದರು. ಕೊನೆಗೆ ಹಡಗಿನ ಮೊಳೆಗಳು, ಫಿರಂಗಿ ಗುಂಡುಗಳು, ಒಡೆದ ಪಾತ್ರೆ ಚೂರುಗಳು ಸಿಕ್ಕವು. ಬಿಡಾರ ಅದೇ. ಬಿಡಾರ ಇಲ್ಲಿ ಅಂದ್ರೆ ಹಡಗು ಅದರ ನೇರಕ್ಕೆ. ಕಾರಿನ ಟಯರಿನ ಟ್ಯೂಬಿಗೆ ಗಾಳಿ ತುಂಬಿ, ನೀರೊಳಗೆ ನೋಡೋಕೆ ತಾವೇ ಮಾಡಿಕೊಂಡ ಗಾಜಿನ ಡಬ್ಬಿ ಹಿಡ್ಕೊಂಡು ವ್ಯಾಗ್ನರ್ ತೇಲ್ತಾ ಹುಡುಕಿದರು. ತೀರದಿಂದ ಈಜಿ ಮುಟ್ಟಬಹುದಾದಷ್ಟು ಹತ್ತಿರ, ತಳ ಕಾಣುವಷ್ಟು ಆಳದಲ್ಲಿ ಫಿರಂಗಿಗಳು ಮಲಗಿದ್ದವು.

ಹೊಳೆಯುವ ಚಿನ್ನ ಸಿಕ್ಕಿತ್ತು ಅಂದಿದ್ರೆ ಇದು ಬರೀ ಅದೃಷ್ಟದ ಕಥೆ ಆಗ್ತಿತ್ತು. ತುಕ್ಕು ಹಿಡಿದ ಮೊಳೆ ಸಿಕ್ಕಾಗ ಖುಷಿಪಟ್ಟರಲ್ಲ, ಅದಕ್ಕೇ ಇದು ಇತಿಹಾಸದ ಕಥೆ ಆಯ್ತು.

ಚಿನ್ನವೂ ಬಂತು, ತಡವಾಗಿ. ವ್ಯಾಗ್ನರ್ ಗೆಳೆಯರ ಜೊತೆ ಸೇರಿ ರಿಯಲ್ ಎಯ್ಟ್ ಎಂಬ ಕಂಪನಿ ಕಟ್ಟಿದರು, ರಾಜ್ಯ ಸರ್ಕಾರದಿಂದ ಅನುಮತಿ ಪಡೆದರು, ಸಿಕ್ಕದ್ದರಲ್ಲಿ ಕಾಲು ಪಾಲು ಸರ್ಕಾರಕ್ಕೆ ಅಂತ ಒಪ್ಪಂದ ಆಯ್ತು. ಅವರ ಜೊತೆ ಕ್ಯಾಲಿಫೋರ್ನಿಯಾದಿಂದ ಮೆಲ್ ಫಿಶರ್ ತಂಡ ಬಂದು ಸೇರಿತು. ಡಿಟೆಕ್ಟರ್ ಫಿಶರ್ ಬೇರೆ, ಇವರು ಬೇರೆ. 1964ರ ಮೇ ತಿಂಗಳಲ್ಲಿ ಒಂದೇ ದಿನ ಸಾವಿರಕ್ಕೂ ಹೆಚ್ಚು ಚಿನ್ನದ ನಾಣ್ಯ ಸಿಕ್ಕವು. ಸಮುದ್ರದ ತಳಕ್ಕೆ ಚಿನ್ನದ ಜಮಖಾನ ಹಾಸಿದ ಹಾಗಿತ್ತಂತೆ. 1965ರ ಜನವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ವ್ಯಾಗ್ನರ್ ಬರೆದ ಲೇಖನ ಬಂತು. ಆ ಕರಾವಳಿಗೆ ಟ್ರೆಷರ್ ಕೋಸ್ಟ್, ಅಂದ್ರೆ ನಿಧಿ ತೀರ ಅಂತಲೇ ಹೆಸರಾಯ್ತು. ಸ್ಪೇನಿನವರ ಆ ಬಿಡಾರದ ಜಾಗದಲ್ಲಿ ಇವತ್ತು ಮೆಕ್‌ಲಾರ್ಟಿ ಮ್ಯೂಸಿಯಂ ಇದೆ.

ಇಲ್ಲಿಗೆ ಶುಭಂ ಅಂತ ಹೇಳಬಹುದಿತ್ತು. ಆದ್ರೆ ಆಗಲ್ಲ.

ಆ ಚಿನ್ನ ತೆಗೆದದ್ದು ಹೇಗೆ ಅಂತ ಕೇಳಿ. ದೋಣಿಯ ಪ್ರೊಪೆಲ್ಲರಿಗೆ ದೊಡ್ಡ ಬಾಗಿದ ಕೊಳವೆ ಕಟ್ಟಿ, ನೀರಿನ ರಭಸವನ್ನು ನೇರ ತಳಕ್ಕೆ ತಿರುಗಿಸೋದು. ಅದನ್ನ ಮೊದಲು ಮಾಡಿದ್ದು ಮೇಲಿನ ತಿಳಿನೀರನ್ನು ಕೆಳಗೆ ಕಳಿಸಿ, ಮುಳುಗುಗಾರರಿಗೆ ತಳ ಚೆನ್ನಾಗಿ ಕಾಣಲಿ ಅಂತ. ನೋಡಿದರೆ ಅದು ಮರಳಲ್ಲಿ ದೊಡ್ಡ ಗುಂಡಿಯನ್ನೇ ತೋಡ್ತಿತ್ತು. ನಿಮಿಷಗಳಲ್ಲಿ ಚಿನ್ನ ಕಾಣಿಸುತ್ತೆ. ಆದ್ರೆ ಮರಳು ಹಾರಿ ಹೋಗುವಾಗ, ಯಾವುದರ ಪಕ್ಕ ಯಾವುದು ಇತ್ತು ಅನ್ನೋದೂ ಹಾರಿ ಹೋಗುತ್ತೆ. ನಾಣ್ಯ ಪೆಟ್ಟಿಗೆಯಲ್ಲಿತ್ತಾ, ಯಾರದ್ದಾದರೂ ಸೊಂಟದ ಚೀಲದಲ್ಲಿತ್ತಾ? ಆ ಪಾತ್ರೆ ಅಡುಗೆಯವನದ್ದಾ, ಅಧಿಕಾರಿಯದ್ದಾ? ಒಂದು ಸಲ ಕದಡಿದ ಮೇಲೆ ಹೇಳೋಕೆ ಬರೋದಿಲ್ಲ. ವ್ಯಾಗ್ನರ್ ಗೆದ್ದದ್ದು ಯಾವ ನಾಣ್ಯ ಎಲ್ಲಿ ಸಿಕ್ಕಿತು ಅಂತ ನೋಡಿದ್ದರಿಂದ. ಅಂಥವರು ಶುರು ಮಾಡಿದ ಕೆಲಸವೇ ಕೊನೆಗೆ ಆ ‘ಎಲ್ಲಿ’ಯನ್ನು ಅಳಿಸುವ ಕಡೆಗೆ ಹೋಯ್ತು. ಪುರಾತತ್ವದವರು ಇವತ್ತಿಗೂ ಕೊರಗೋದು ಇದಕ್ಕೇ. ಮುಂದೆ ಫ್ಲಾರಿಡಾ ಕಾನೂನು ಬಿಗಿ ಮಾಡಿತು. ಈಗ ಆ ಹಡಗುಗಳ ಜಾಗದಲ್ಲಿ ಸುಮ್ಮನೆ ನೀರಿಗಿಳಿದು ಡಿಟೆಕ್ಟರ್ ಆಡಿಸೋ ಹಾಗಿಲ್ಲ. ಹಕ್ಕು ಪಡೆದವರು ಮಾತ್ರ, ಎಲ್ಲಿ ಏನು ಸಿಕ್ಕಿತು ಅಂತ ದಾಖಲೆ ಇಟ್ಟು ತೆಗೀಬೇಕು. ಸಿಕ್ಕದ್ದರಲ್ಲಿ ಸರ್ಕಾರಕ್ಕೂ ಒಂದು ಪಾಲು ಹೋಗುತ್ತೆ.

ಕಾನೂನು ಇದ್ದಲ್ಲಿ ಕಳ್ಳದಾರಿಯೂ ಇರುತ್ತೆ. 2015ರಲ್ಲಿ, ಅಂದ್ರೆ ಹಡಗು ಮುಳುಗಿ ಸರಿಯಾಗಿ 300 ವರ್ಷಕ್ಕೆ, ಅಲ್ಲಿ 101 ಚಿನ್ನದ ನಾಣ್ಯ ಸಿಕ್ಕವು. ಲೆಕ್ಕಕ್ಕೆ ತೋರಿಸಿದ್ದು 51. ಉಳಿದ 50 ಮಾಯ. 2024ರಲ್ಲಿ ಫ್ಲಾರಿಡಾದ ಅಧಿಕಾರಿಗಳು ಅದರಲ್ಲಿ 37 ನಾಣ್ಯ ಹಿಡಿದರು. ಆ ತನಿಖೆಯಲ್ಲಿ ಹೊರಬಂದ ಒಂದು ಸಂಗತಿ ಕೇಳಿ ನನಗೆ ನಗಬೇಕಾ ಅಳಬೇಕಾ ಗೊತ್ತಾಗಲಿಲ್ಲ. ಕದ್ದ ನಾಣ್ಯಗಳಲ್ಲಿ ಮೂರನ್ನು 2016ರಲ್ಲಿ ವಾಪಸ್ ಸಮುದ್ರದ ತಳಕ್ಕೆ ಹಾಕಿದ್ದರಂತೆ. ಯಾಕೆ? ಹೊಸದಾಗಿ ಹಣ ಹೂಡುವವರು ಬಂದಾಗ ಅವರ ಕಣ್ಣೆದುರು ‘ಸಿಗಲಿ’ ಅಂತ.

ಯೋಚನೆ ಮಾಡಿ. ನಾಣ್ಯ ಅಸಲಿ. ಚಿನ್ನ ಅಸಲಿ. ಮುನ್ನೂರು ವರ್ಷ ಹಳೇದು ಅನ್ನೋದೂ ನಿಜ. ಡಿಟೆಕ್ಟರ್ ಇಟ್ಟರೆ ಬೀಪ್ ಅನ್ನುತ್ತೆ, ಅದೂ ಸುಳ್ಳಲ್ಲ. ಸುಳ್ಳಾದದ್ದು ಜಾಗ ಒಂದೇ. ಜಾಗ ಸುಳ್ಳಾದ ಕೂಡಲೇ ಇಡೀ ಕಥೆಯೇ ಸುಳ್ಳಾಯ್ತು.

2025ರ ಬೇಸಿಗೆಯಲ್ಲೂ ಆ ನೀರಲ್ಲಿ ಸಾವಿರಕ್ಕೂ ಹೆಚ್ಚು ನಾಣ್ಯ ಸಿಕ್ಕ ಸುದ್ದಿ ಬಂತು, ಬೆಲೆ ಸುಮಾರು 10 ಲಕ್ಷ ಡಾಲರ್ ಅಂದರು. ನಿಮ್ಮಲ್ಲಿ ಕೆಲವರು ಆ ರೀಲ್ಸ್ ನೋಡಿರ್ತೀರಿ. ನೋಡಿ, ‘ನಾನೂ ಒಂದು ಡಿಟೆಕ್ಟರ್ ಆರ್ಡರ್ ಮಾಡ್ಲಾ’ ಅಂತ ಅನ್ನಿಸಿಯೂ ಇರುತ್ತೆ. ನನಗೂ ಅನ್ನಿಸಿದೆ, ಸುಳ್ಳು ಯಾಕೆ ಹೇಳಲಿ. ಹಾಗಾಗಿ ಕೊನೆಗೆ ನಮ್ಮ ಕಡೆಯ ಮಾತು ಎರಡು. ನೆಲದಲ್ಲಿ ಹುಗಿದ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು ಅನ್ನೋ ಕಾನೂನು ನಮ್ಮಲ್ಲಿ 1878ರಿಂದ ಇದೆ. ತಿಳಿಸದೆ ಬಚ್ಚಿಟ್ಟರೆ ಅಪರಾಧ. 1972ರ ಪುರಾವಸ್ತು ಕಾಯ್ದೆ ಪ್ರಕಾರ, ನೂರು ವರ್ಷ ದಾಟಿದ ನಾಣ್ಯ, ಶಿಲ್ಪ ಇಂಥವು ಪುರಾವಸ್ತು. ಹಾಳು ಗುಡಿ, ಕೋಟೆ ಹತ್ತಿರ ಡಿಟೆಕ್ಟರ್ ಹಿಡ್ಕೊಂಡು ಅಗೆಯೋದು ಹವ್ಯಾಸ ಅಲ್ಲ, ಅದು ನಿಧಿಗಳ್ಳತನ. ಬೀಚಲ್ಲಿ ಯಾರದ್ದೋ ಉಂಗುರ ಸಿಕ್ಕರೆ ಅದು ಸಮುದ್ರದ್ದೂ ಅಲ್ಲ, ನಿಮ್ಮದೂ ಅಲ್ಲ. ಕಳಕೊಂಡವರು ಎಲ್ಲೋ ಇದ್ದಾರೆ. ಹತ್ತಿರದ ಪೊಲೀಸ್ ಠಾಣೆಗೆ ಕೊಡಿ.

ಮತ್ತೆ, ಹಳೇದೇನಾದರೂ ಕಂಡರೆ ದಯವಿಟ್ಟು ಎತ್ತಬೇಡಿ. ಮೊದಲು ಇದ್ದ ಹಾಗೇ ಫೋಟೋ ತೆಗೀರಿ. ನಿಮ್ಮ ಫೋನಲ್ಲಿ ಲೊಕೇಶನ್ ಇದೆಯಲ್ಲ, ಅದನ್ನ ಸೇವ್ ಮಾಡಿ. ಆಮೇಲೆ ಪುರಾತತ್ವ ಇಲಾಖೆಗೋ ತಹಶೀಲ್ದಾರ್ ಕಚೇರಿಗೋ ತಿಳಿಸಿ. ವ್ಯಾಗ್ನರ್ ವರ್ಷಗಟ್ಟಲೆ ನಡೆದು ನಡೆದು ತಿಳ್ಕೊಂಡ ‘ಎಲ್ಲಿ’ ಅನ್ನೋದನ್ನ ನಿಮ್ಮ ಫೋನು ಒಂದೇ ಕ್ಷಣದಲ್ಲಿ ಬರೆದಿಡುತ್ತೆ. ಗಾರ್ಫೀಲ್ಡ್ ಅವರ ಹಾಸಿಗೆ ಪಕ್ಕ ನಿಂತ ಬೆಲ್ ಅವರಿಗೂ, ಟಯರ್ ಟ್ಯೂಬಿನ ಮೇಲೆ ತೇಲಿದ ವ್ಯಾಗ್ನರ್‌ಗೂ ಇಲ್ಲದ ಸವಲತ್ತು ಅದು.

ಹೋದ ವರ್ಷ ಚಿಕ್ಕಮ್ಮನ ಜೊತೆ ಮತ್ತೆ ಮಲ್ಪೆಗೆ ಹೋಗಿದ್ದೆ. ಅಜ್ಜಿ ಈಗಿಲ್ಲ. ಆ ದಿನ ನೀರಿಗೆ ಹೆದರಿದ ಹುಡುಗ ಈಗ ನನಗಿಂತ ಎತ್ತರ. “ಓಲೆ ಬಿದ್ದದ್ದು ಎಲ್ಲಿ ಅಂತ ನೆನಪಿದೆಯಾ ಚಿಕ್ಕಮ್ಮ?” ಅಂತ ಕೇಳಿದೆ. ಅವರು ನೀರಿನ ಕಡೆ ಕೈ ತೋರಿಸಿ “ಅಲ್ಲೇ ಎಲ್ಲೋ” ಅಂದರು. ಇನ್ನೊಂದು ಕಿವಿಯ ಓಲೆಯನ್ನು ಅವರು ಇವತ್ತಿಗೂ ಕರಗಿಸಿಲ್ಲ. ಬೀರುವಿನ ಒಳಗೆ ಸಣ್ಣ ಡಬ್ಬಿಯಲ್ಲಿ ಇಟ್ಟಿದ್ದಾರೆ. ಯಾವತ್ತಾದರೂ ಜೊತೆಯದ್ದು ಯಾರಿಗಾದರೂ ಸಿಕ್ಕರೆ, ಅದು ಯಾರದ್ದು ಅಂತ ಹೇಳೋಕೆ ಅದೊಂದೇ ಸಾಕ್ಷಿ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೂ ಹೀಗೆ ಒಂಟಿಯಾಗಿ ಉಳಿದ ಓಲೆಯೋ ಉಂಗುರವೋ ಇದ್ದರೆ, ಅದರ ಕಥೆಯನ್ನು ಮನೆಯ ಹಿರಿಯರ ಹತ್ತಿರ ಒಮ್ಮೆ ಕೇಳಿ. ಮುಂದಿನ ವಾರ ಸಿಗೋಣ.